ಪೌಡರ್ ಹಚ್ಚಿದ ಕೆನ್ನೆ

ನಿವೃತ್ತಿಯ ನಂತರ ಗೋಕಾಕದಲ್ಲಿ ನನಗೊಂದು ಕೆಲಸ ಸಿಕ್ಕಿದೆ: ವೀಡಿಯೊ ಮೂಲಕ ದೂರದ ರೋಗಿಗಳನ್ನು ನೋಡುವುದನ್ನು ತಜ್ಞ ವೈದ್ಯರಿಗೆ ಕಲಿಸುವುದು. ನನ್ನ ಪಾಠ ಕಟ್ಟುನಿಟ್ಟು. ಬೆಳಕು ಮುಖದ ಮೇಲಿರಬೇಕು. ಫೋನು ಆಫ್ ಇರಬೇಕು. ರೋಗಿ ಪರದೆಯ ಮೇಲಿರುವ ತನಕ ಕುರ್ಚಿ ಬಿಟ್ಟು ಏಳಬಾರದು. ಎದ್ದರೆ ಆ ಕಡೆ ಕೂತವರಿಗೆ ತಮ್ಮನ್ನು ಕೈಬಿಟ್ಟಂತೆ ಅನ್ನಿಸುತ್ತದೆ.

ಹುಕ್ಕೇರಿಯ ಚರ್ಮರೋಗ ತಜ್ಞನೊಬ್ಬ ಕಲಿಯಲು ಬಂದ. ಮೊದಲ ದಿನವೇ ಇಸ್ತ್ರಿ ಅಂಗಿ, ಟೈ, ನೀಟಾಗಿ ಬಾಚಿದ ಕೂದಲು. ನಾನು ಕ್ಯಾಮೆರಾಕ್ಕೆ ಕಾಣದಂತೆ ಬದಿಗೆ ಕೂತೆ. ಮೂಡಲಗಿ ಕಡೆಯ ಆರೋಗ್ಯ ಕೇಂದ್ರದಿಂದ ವಯಸ್ಸಾದ ಹೆಂಗಸೊಬ್ಬರು ಪರದೆಗೆ ಬಂದರು, ಪಕ್ಕದಲ್ಲಿ ನರ್ಸ್. ಕೆನ್ನೆಯ ಮೇಲೆ ಬಿಳಿಚಿದ ಮಚ್ಚೆ ಎದ್ದಿತ್ತಂತೆ. ಕುಷ್ಠವಿರಬೇಕು ಎಂದು ಯಾರೋ ಅಂದಿದ್ದರು. ಅಂದಿನಿಂದ ಅವರು ಮೊಮ್ಮಗಳನ್ನು ಎತ್ತಿಕೊಂಡಿರಲಿಲ್ಲ.

ವೈದ್ಯ ಪರದೆಯ ಹತ್ತಿರ ಬಾಗಿದ. "ಆಯಿ, ಮಚ್ಚಿ ಕಾಣವಲ್ದು. ಮುಖಕ್ಕ ಏನರ ಹಚ್ಚೀರೇನ್ರಿ?"

"ಪೌಡರ್ ರೀ. ಟಿವ್ಯಾಗ ಕಾಣ್ತೀರಂತ ಸೊಸಿ ಹಚ್ಯಾಳ. ಹೊಸಾ ಸೀರಿನೂ ಉಡಿಸ್ಯಾಳ."

"ತೊಳಕೊಂಡು ಬರ್ರಿ."

ಆಯಿ ಸೆರಗನ್ನು ಕೆನ್ನೆಗೆ ಎಳೆದುಕೊಂಡರು. "ನಿಮ್ಮ ಮುಂದ ಹಂಗ ಹೆಂಗ ಕುಂದರ್ಲಿ? ನೀವ ನೋಡಿದ್ರ ಮದುಮಗ ಆಗಿ ಕುಂತೀರಿ."

ನರ್ಸ್ ಬಾಯಿ ಮುಚ್ಚಿಕೊಂಡು ನಕ್ಕಳು. ಅವನು ಟೈ ಮುಟ್ಟಿಕೊಂಡ.

"ಖರೆ ಹೇಳ್ತೇನಿ ಆಯಿ, ನಾನೂ ಪೌಡರ್ ಹಚ್ಚೇನಿ. ನೀವು ಅಲ್ಲಿ ತೊಳಕೋರಿ, ನಾ ಇಲ್ಲಿ ತೊಳಕೋತೇನಿ."

"ಹಂಗಾದ್ರ ಮೊದಲ ನೀವ ಹೋಗ್ರಿ."

ನನ್ನ ಕಡೆ ನೋಡದೆ ಅವನು ಎದ್ದು ಹೋದ. ಖಾಲಿ ಕುರ್ಚಿಯನ್ನು ನೋಡಿ ಆಯಿಗೆ ಸಮಾಧಾನವಾಯಿತು, ತಾವೂ ಎದ್ದರು.

ಇಬ್ಬರೂ ಒದ್ದೆ ಮುಖದಲ್ಲಿ ಮರಳಿದರು. ಆಯಿ ಕೆನ್ನೆಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರು. ಅವನು ಮಚ್ಚೆಯ ಮೇಲಿನ ಹೊಟ್ಟು ನೋಡಿದ. ಮೊಣಕೈಯ ನರ ದಪ್ಪಗಾಗಿದೆಯೇ ಎಂದು ಮುಟ್ಟಿ ನೋಡಲು ನರ್ಸಿಗೆ ಹೇಳಿದ. ಆಮೇಲೆ ಆಯಿ ಕಣ್ಣು ಮುಚ್ಚಿದರು, ನರ್ಸ್ ಹತ್ತಿಯ ಎಳೆಯಿಂದ ಮಚ್ಚೆಯನ್ನು ಸವರಿದಳು. ಕುಷ್ಠದ ಮಚ್ಚೆಗೆ ಸ್ಪರ್ಶ ತಿಳಿಯುವುದಿಲ್ಲ; ಎಲ್ಲಿ ಮುಟ್ಟಿತೆಂದು ಆಯಿ ಹೇಳಬೇಕಿತ್ತು.

"ಇಲ್ಲಿ. ಇಲ್ಲಿ. ಈಗ ಮುಟ್ಟೇ ಇಲ್ಲ, ಸುಮ್ಮನ ಆಟಾ ಆಡಾಕತ್ತಿ."

"ಇದು ಕುಷ್ಠ ಅಲ್ಲ, ಆಯಿ. ಆಗಿದ್ರೂ ಅಂಜೂದಿರಲಿಲ್ಲ, ಗುಳಿಗಿ ಅದಾವ. ಇದು ಬರೇ ಚಿಬ್ಬು, ಮುಲಾಮಿಗೆ ಹೋಗ್ತೈತಿ."

ಆಯಿ ಸೆರಗಿನಿಂದ ಕೆನ್ನೆ ಒರೆಸಿಕೊಂಡರು. "ನಿಮ್ಮ ಗದ್ದಕ್ಕ ನೀರೈತಿ, ಒರಿಸ್ಕೋರಿ," ಎಂದವರೇ ಬಾಗಿಲ ಕಡೆ ತಿರುಗಿ ಹೊರಗಿದ್ದ ಸೊಸೆಯನ್ನು ಕರೆದರು. "ಏ, ಕೂಸನ್ನ ಇತ್ತಾಗ ತಾರವಾ."