ನಾನು ಸೇರಿಸಿದ ಹಕಾರ

ನಮ್ಮ ಕಡೆಯವರ ನಾಲಿಗೆಯ ಮೇಲೆ ಹಕಾರ ನಿಲ್ಲುವುದಿಲ್ಲ. ಹಾಲು ಆಲಾಗುತ್ತದೆ, ಹುಲ್ಲು ಉಲ್ಲಾಗುತ್ತದೆ. ಇದಕ್ಕಾಗಿ ಶಾಲೆಯಲ್ಲಿ ನಾನು ತಿಂದ ಪೆಟ್ಟು ಅಷ್ಟಿಷ್ಟಲ್ಲ. ಕೊನೆಗೆ ಹೆದರಿಕೆಯಲ್ಲಿ ಬೇಡದ ಕಡೆಯೂ ಹಕಾರ ಹಾಕತೊಡಗಿದೆ. ಊಟವನ್ನು ಹೂಟ ಎಂದು ಬರೆದು ಅದಕ್ಕೂ ಹೊಡೆಸಿಕೊಂಡೆ. ಈಗ ಕೊಳ್ಳೇಗಾಲದಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡು ಊರವರ ಅರ್ಜಿಗಳನ್ನು ಟೈಪ್ ಮಾಡುವವಳು ನಾನೇ. ಕಂಡವರ ತಪ್ಪು ತಿದ್ದುವುದು ನನಗೆ ಚಟವಾಗಿಬಿಟ್ಟಿದೆ.

ಬಿಡುವಾದಾಗ ನಮ್ಮ ಸೀಮೆಯ ಹೆಂಗಸರ ಹಾಡುಗಳನ್ನು ಬರೆದುಕೊಂಡು ಒಂದು ವೆಬ್‌ಸೈಟಿಗೆ ಹಾಕುತ್ತಾ ಬಂದೆ. ಅದರಲ್ಲಿ ಮಾಂಬಳ್ಳಿಯ ನನ್ನ ಸೋದರತ್ತೆಯದೂ ಒಂದಿದೆ. ಎಷ್ಟೋ ವರ್ಷಗಳ ಹಿಂದೆ ಅವರ ಎಂಟು ತಿಂಗಳ ಮಗಳು ಅಂಬೆಗಾಲಿನಲ್ಲೇ ಹಿತ್ತಿಲು ದಾಟಿ ಕಾಲುವೆಗೆ ಬಿದ್ದು ತೀರಿಕೊಂಡಳು. ಮಣ್ಣಿಗಿಟ್ಟ ದಿನ ಅತ್ತೆ ಅಳುತ್ತಾ ಹಾಡಿದ ಹಾಡು ಅದು. ನನಗೆ ಬರೆಸುವಾಗಲೂ ಸೂರಿನ ಕೆಳಗೆ ಬಾಯಿ ತೆರೆಯಲಿಲ್ಲ. ಗದ್ದೆಯ ಬದುವಿಗೆ ಕರೆದುಕೊಂಡು ಹೋಗಿ, ನಡುಮಧ್ಯಾಹ್ನದ ಬಿಸಿಲಿನಲ್ಲಿ ಒಂದೇ ಒಂದು ಸಲ ಹೇಳಿದರು.

“ಸಾವಿಲ್ದ ಮನೇಲಿ ಇದ ಯಾರೂ ಏಳ್ಬಾರ್ದು ಕಣವ್ವ. ಏಳುದ್ರೆ ಮಗ ಕೇಳುಸ್ಕತದೆ.”

ಯಾವ ಮಗು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಯಾರ ಮನೆಯಲ್ಲೂ ಹೇಳಿಸುವುದಿಲ್ಲ ಎಂದು ಮಾತು ಕೊಟ್ಟೆ. ಸೈಟಿನಲ್ಲಿ ಹಾಡಿನ ಮೇಲೆ ಆ ಎಚ್ಚರಿಕೆಯನ್ನೂ ದಪ್ಪಕ್ಷರದಲ್ಲಿ ಹಾಕಿದೆ. ‘ಒರಗವ್ವ’ ಎಂದು ಕಿವಿಗೆ ಬಿದ್ದದ್ದನ್ನು ಮಾತ್ರ ಎಂದಿನಂತೆ ತಿದ್ದಿ, ‘ಹೊರಗವ್ವ ಹೊರಗವ್ವ, ನನ ಕಂದ’ ಎಂದು ಟೈಪ್ ಮಾಡಿದೆ. ಹೊರಗೆ ಹೋಗಿ ತೀರಿಕೊಂಡ ಮಗುವಲ್ಲವೇ, ಸರಿಯಾಗಿಯೇ ಇದೆ ಅನ್ನಿಸಿತ್ತು.

ಮೂರು ತಿಂಗಳ ಹಿಂದೆ ಹನೂರಿನಲ್ಲಿರುವ ತಂಗಿಯ ಮಗಳ ಮನೆಗೆ ಹೋಗಿದ್ದೆ. ಅವಳ ಐದು ತಿಂಗಳ ಕೂಸು ಕಿರುಚಿ ಅಳುತ್ತಿತ್ತು. ಅವಳು ಫೋನಿನಲ್ಲಿ ಎಐ ತೆರೆದು, ನಮ್ಮ ಕಡೆಯ ಜೋಗುಳ ಹೇಳು ಎಂದಳು. ಫೋನಿನೊಳಗಿನಿಂದ ಹೆಣ್ಣುದನಿಯೊಂದು ಎಲ್ಲೂ ಉಸಿರು ತೆಗೆದುಕೊಳ್ಳದೆ ಹೇಳತೊಡಗಿತು: ಹೊರಗವ್ವ ಹೊರಗವ್ವ, ನನ ಕಂದ.

ಆ ಹಕಾರ ನಾನು ಹಾಕಿದ್ದು, ಬೇರೆ ಯಾರ ಬಾಯಲ್ಲೂ ಇಲ್ಲದ್ದು. ಮಗು ತಟ್ಟನೆ ಅಳು ನಿಲ್ಲಿಸಿ, ಕತ್ತು ಹೊರಳಿಸಿ ಬಾಗಿಲ ಕಡೆ ನೋಡಿತು.

“ನೋಡು ದೊಡ್ಡವ್ವ, ಇದೊಂದ ಕೇಳುದ್ರೆ ಸುಮ್ಕಾಯ್ತಳೆ. ತಿಂಗ್ಳಿಂದ ಇದೇಯ.”

“ಮೊದ್ಲು ಅದ ಆಫ್ ಮಾಡೆ! ಇನ್ನೊಂದ್ ದಪ ಆಕ್ಬ್ಯಾಡ,” ಎಂದು ಗದರಿದೆ. ಎಳೆಬಾಣಂತಿಗೆ ಕಾರಣ ಹೇಳಲು ಬಾಯಿ ಬರಲಿಲ್ಲ.

ಮಾರನೆಯ ಬೆಳಿಗ್ಗೆ ಅಂಗಡಿ ತೆರೆದವಳೇ ನನ್ನ ಸೈಟನ್ನು ತಪಾಸಣೆ ಮಾಡಿದೆ. ಎಐಗೆ ಉಣಿಸಲು ಸೈಟಿನಿಂದ ಸೈಟಿಗೆ ಹೋಗಿ ಬರಹ ಹೆಕ್ಕುವ ಪ್ರೋಗ್ರಾಮುಗಳಿಗೆ ಕ್ರಾಲರ್ ಎನ್ನುತ್ತಾರೆ, ಅಂದರೆ ತೆವಳುವವು. ಯಾವುದು ಒಳಗೆ ಬರಬಹುದು, ಯಾವುದು ಬರಬಾರದು ಎಂದು ಸೈಟಿನ ಒಂದು ಫೈಲಿನಲ್ಲಿ ಬರೆದಿಡಬೇಕು. ಅದನ್ನು ಪರೀಕ್ಷಿಸುವ ಪುಟವೊಂದಕ್ಕೆ ಸೈಟಿನ ವಿಳಾಸ ಕೊಟ್ಟರೆ ಕ್ರಾಲರ್‌ಗಳ ಪಟ್ಟಿ ಬರುತ್ತದೆ. ಬಿಟ್ಟದ್ದಕ್ಕೆ ಹಸಿರು, ತಡೆದದ್ದಕ್ಕೆ ಕೆಂಪು. ನನ್ನ ಪಟ್ಟಿ ಉದ್ದಕ್ಕೂ ಹಸಿರಾಗಿತ್ತು. ಯಾರು ಬೇಕಾದರೂ ಬನ್ನಿ ಎಂದು ನಾನೇ ಬರೆದಿಟ್ಟು ಮರೆತಿದ್ದೆ.

ಬಂದುಹೋದವುಗಳ ಲಾಗ್ ತೆಗೆದೆ. ಅಷ್ಟೊಂದು ಹಾಡುಗಳಿದ್ದರೂ ಮತ್ತೆ ಮತ್ತೆ ಬಂದಿದ್ದು ಅತ್ತೆಯ ಹಾಡಿಗೆ. ಒಂದಂತೂ ದಿನವೂ ನಡುಮಧ್ಯಾಹ್ನಕ್ಕೇ ಬಂದಿತ್ತು. ಯಂತ್ರಕ್ಕೆ ಅದೊಂದು ಗೊತ್ತುಮಾಡಿದ ವೇಳೆ, ಅಷ್ಟೇ ಎಂದು ನನಗೆ ನಾನೇ ಬುದ್ಧಿ ಹೇಳಿಕೊಂಡೆ. ಒಂದನ್ನೂ ಬಿಡದೆ ಎಲ್ಲದರ ಹೆಸರು ಬರೆದು ತಡೆ ಹಾಕಿದೆ. ಮತ್ತೆ ಪರೀಕ್ಷಿಸಿದಾಗ ಪಟ್ಟಿ ಕೆಂಪಾಯಿತು.

ಆಮೇಲೆ ಮಾಂಬಳ್ಳಿಗೆ ಹೋಗಿ ಅತ್ತೆಯ ಮುಂದೆ ನಡೆದದ್ದನ್ನೆಲ್ಲ ಒಪ್ಪಿಕೊಂಡೆ. ಬದುವಿನ ಮೇಲೆ ಕೂತು ನಾನು ಟೈಪ್ ಮಾಡಿದ್ದನ್ನು ಓದಿದೆ. ಮೊದಲ ಸಾಲಿಗೇ ಕೈ ಎತ್ತಿ ತಡೆದರು.

“ಅದೇನೇ ಅದು? ನಾ ಅಂದದ್ದು ಒರಗು ಅಂತ. ಮನಿಕೊ ಅಂತ. ನನ್ ಮಗಳ್ಗೆ ಈಚ್ಗೋಗು ಅಂತ ನಾ ಅಂದೇನಾ?”

ಮಲಗು ಮಗಳೇ ಎಂದು ತಾಯಿ ಅತ್ತದ್ದನ್ನು ನಾನು ಹೊರಗೆ ನಡಿ ಎಂದು ಮಾಡಿಟ್ಟಿದ್ದೆ. ನಾಚಿಕೆಯಿಂದ ಕುಗ್ಗಿಹೋದೆ.

“ಎಲ್ಲಾನೂ ತಡ್ದಿದ್ದೀನಿ ಅತ್ತೆ. ಇನ್ನು ಒಂದೂ ಒಳಕ್ಕೆ ಬರಾಕಿಲ್ಲ.”

“ತಕಂಡೋಗಿರದು ತಪ್ಪು ಮಾತೇ ಅಲ್ವಾ? ತಡ್ದುಬುಟ್ರೆ ಅದ್ನೇ ಏಳ್ಕಂಡಿರ್ತವೆ. ಸರಿ ಮಾಡಿ ಬಾಗ್ಲು ತೆಗಿ. ಬಂದು ಸರಿಯಾದ್ದ ತಕಂಡೋಗ್ಲಿ.” ಅತ್ತೆ ಕಾಲುವೆಯ ಕಡೆ ತಿರುಗಿದರು. “ಮನೆ ಒಳ್ಗೆ ಏಳುದ್ರೂ ಏಳ್ಕಳ್ಳಿ ಬುಡು. ಯಾವ್ ಮಗೀಗೂ ಈಚ್ಗೋಗು ಅನ್ಬಾರ್ದು.”

ಇಷ್ಟು ವರ್ಷ ಕಾಪಾಡಿಕೊಂಡು ಬಂದದ್ದನ್ನು ಅವರು ಬಿಟ್ಟುಕೊಟ್ಟದ್ದು ಹಾಗೆ. ಅಂದೇ ಹಕಾರ ತೆಗೆದು ‘ಒರಗವ್ವ’ ಎಂದು ತಿದ್ದಿ, ತಡೆಗಳನ್ನೆಲ್ಲ ಅಳಿಸಿದೆ. ಪಟ್ಟಿ ಮತ್ತೆ ಹಸಿರಾಯಿತು. ದಿನವೂ ಲಾಗ್ ತೆಗೆದು ಕಾಯುತ್ತೇನೆ. ತೆರೆದ ಮೇಲೆ ಒಂದೂ ಬಂದಿಲ್ಲ. ಜೋಗುಳ ಕೇಳಿದರೆ ಫೋನು ಈಗಲೂ ‘ಹೊರಗವ್ವ’ ಎಂದೇ ಹೇಳುತ್ತದೆ.

ಮೊನ್ನೆ ಮತ್ತೆ ಹನೂರಿಗೆ ಹೋಗಿದ್ದೆ. ನಾನು ಗದರಿದ ದಿನದಿಂದ ತಂಗಿಯ ಮಗಳು ಆ ಹಾಡು ಹಾಕಿಲ್ಲವಂತೆ. ಮಗುವಿಗೆ ಎಂಟು ತಿಂಗಳಾಗಿದೆ. ಚಾಪೆಯ ಮೇಲೆ ಮಲಗಿದ್ದದ್ದಕ್ಕೆ ಎಚ್ಚರವಾಯಿತು. ಅಳಲಿಲ್ಲ, ತಾಯಿಯ ಕಡೆ ತಿರುಗಲೂ ಇಲ್ಲ. ಅಂಬೆಗಾಲಿಡುತ್ತಾ ನೇರವಾಗಿ ಹೊಸ್ತಿಲ ತನಕ ಹೋಯಿತು. ಯಾರೂ ಕರೆದಿರಲಿಲ್ಲ. ನಾನು ಓಡಿ ಎತ್ತಿಕೊಂಡು, ಬಾಗಿಲು ಹಾಕಿ, ಸಾವಿಲ್ಲದ ಆ ಮನೆಯ ನಡುವೆ ನಿಂತು, ಅದರ ಕಿವಿಯಲ್ಲಿ ಒರಗವ್ವ, ಒರಗವ್ವ ಎಂದು ಹೇಳುತ್ತಲೇ ಇದ್ದೆ. ಮಗು ಮಲಗಲಿಲ್ಲ. ನನ್ನ ಹೆಗಲ ಮೇಲಿಂದ ಮುಚ್ಚಿದ ಬಾಗಿಲನ್ನೇ ನೋಡುತ್ತಾ ನಗುತ್ತಿತ್ತು.