ಐದನೆಯ ಹಾಳೆ

ಒಂದು ಹಾಳೆಗೆ ಆರು ಸ್ಲೈಡ್ ಹಾಕಿ ಪ್ರಿಂಟ್ ತೆಗೆಯೋದನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಕಂಪ್ಯೂಟರಿನ ತಪ್ಪೇನಿಲ್ಲ. ಆ ಅನುಕೂಲ ಮಾಡಿಟ್ಟವರು ಪಾಪ, ಕಾಗದ ಉಳಿಯಲಿ ಅಂತಲೇ ಮಾಡಿರಬೇಕು. ಆದರೆ ಕೋಲಾರದ ನಮ್ಮ ಕಾಲೇಜಿನಲ್ಲಿ ಹಾಗೆ ಉಳಿಸಿದ ಹಾಳೆಯಲ್ಲಿ ಇದ್ದದ್ದು ನನ್ನ ಹೆಸರು.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷ ಆಗಿರಬಹುದು. ನಾನು ಮುಳಬಾಗಿಲಿನಿಂದ ದಿನಾ ಬಸ್ಸಿನಲ್ಲಿ ಹೋಗಿ ಭೂಗೋಳ ಪಾಠ ಮಾಡುತ್ತಿದ್ದೆ. ಕಾಯಂ ಅಲ್ಲ, ಗಂಟೆ ಲೆಕ್ಕದ ಮೇಡಂ. ಕಾಲೇಜಿಗೆ ರಜೆ ಬಂದರೆ ಸಂಬಳಕ್ಕೂ ರಜೆ. ಅಪ್ಪ ಹೋದ ಮೇಲೆ ಮನೆಯಲ್ಲಿ ಅಮ್ಮ, ನಾನು ಇಬ್ಬರೇ. ಎಲ್ಲಾದರೂ ಒಂದು ಕಾಯಂ ಹುದ್ದೆ ಸಿಕ್ಕಿದರೆ ಸಾಕು ಅನ್ನೋದು ಬಿಟ್ಟರೆ ಬೇರೆ ಆಸೆ ನನಗಿರಲಿಲ್ಲ.

ನಮ್ಮ ವಿಭಾಗದ ಮುಖ್ಯಸ್ಥರು ಕಾಗದದ ವಿಷಯದಲ್ಲಿ ಮಹಾ ಬಿಗಿ. ಕಿರುಪರೀಕ್ಷೆಯ ಪ್ರಶ್ನೆಗಳನ್ನು ಹಳೇ ಪ್ರಶ್ನೆಪತ್ರಿಕೆಯ ಬೆನ್ನಿಗೇ ಅಚ್ಚು ಹಾಕಿಸುತ್ತಿದ್ದರು. ಹುಡುಗರು ತಿರುಗಿಸಿ ನೋಡಿ ಹೋದ ವರ್ಷದ ಪ್ರಶ್ನೆಗೆ ಉತ್ತರ ಬರೆದದ್ದೂ ಉಂಟು. ಹನಿ ಹನಿ ಕೂಡಿದರೆ ಹಳ್ಳ ಅಂತ ನಮಗೆಲ್ಲ ಬುದ್ಧಿ ಹೇಳುತ್ತಿದ್ದರು.

ಜಿಲ್ಲೆಯ ಮೇಷ್ಟ್ರುಗಳಿಗೆಲ್ಲ ಒಂದು ಕಾರ್ಯಾಗಾರ ಆಗೋದಿತ್ತು. ನಮ್ಮ ಕಡೆಯ ಕೆರೆಗಳ ಬಗ್ಗೆ ಸ್ಲೈಡ್ ಮಾಡಿಕೊಡು, ನಾನು ಮಾತಾಡ್ತೀನಿ ಅಂದರು ಸರ್. ಮಾಡಿದೆ. ಪರಿಚಯದವರ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಭಾನುವಾರಗಳಲ್ಲಿ ವಕ್ಕಲೇರಿ ಕಡೆ, ರಾಯಲ್ಪಾಡು ಕಡೆ ಅಲೆದೆ. ನಂಗಲಿ ಹತ್ತಿರ ಅಮ್ಮನ ತವರೂರಿನ ಕೆರೆಗೆ ಹೋದಾಗ ಅಮ್ಮನೂ ಬಂದಳು. ಕೆರೆಯಲ್ಲಿ ನೀರಿರಲಿಲ್ಲ, ತೂಬಿನ ಕಲ್ಲುಕಂಬ ಬುಡದವರೆಗೂ ಕಾಣುತ್ತಿತ್ತು. ಅದು ಎಷ್ಟು ಎತ್ತರ ಅಂತ ನೋಡುವವರಿಗೆ ತಿಳಿಯಬೇಕಾದರೆ ಪಕ್ಕದಲ್ಲೊಬ್ಬರು ನಿಲ್ಲಬೇಕು. ಅಮ್ಮನನ್ನು ನಿಲ್ಲಿಸಿದೆ. ಫೋಟೊ ಅಂತ ಗೊತ್ತಿದ್ದರಿಂದ ಅವಳು ಬೆಳಿಗ್ಗೆಯೇ ಮದುವೆಯ ರೇಷ್ಮೆ ಸೀರೆ ಉಟ್ಟು ಬಂದಿದ್ದಳು. ಉರಿಬಿಸಿಲಲ್ಲಿ, ಬಿರುಕುಬಿಟ್ಟ ಕೆರೆಯಂಗಳದಲ್ಲಿ, ರೇಷ್ಮೆ ಸೀರೆ. ನಾನು ನಕ್ಕಿದ್ದಕ್ಕೆ ಅವಳಿಗೆ ಸಿಟ್ಟೂ ಬಂತು.

ಒಟ್ಟು ಇಪ್ಪತ್ತೈದು ಸ್ಲೈಡ್ ಆದವು. ಮೊದಲನೆಯದರಲ್ಲಿ ನಾನು ಬರೀ ವಿಷಯ ಬರೆದಿದ್ದೆ. ಅದರ ಕೆಳಗೆ ಸರ್ ತಮ್ಮ ಹೆಸರು ದಪ್ಪಕ್ಷರದಲ್ಲಿ ಹಾಕಿಸಿದರು. ಮಾತಾಡುವವರು ಅವರೇ ತಾನೇ, ಇರಲಿ ಅಂದುಕೊಂಡೆ. ಕೊನೆಯ ಸ್ಲೈಡಿನಲ್ಲಿ ಚಿತ್ರ, ಮಾಹಿತಿ, ತಯಾರಿ ಅಂತ ಹಾಕಿ ನನ್ನ ಹೆಸರು ಬರೆದಿದ್ದೆ.

ಬಂದವರಿಗೆಲ್ಲ ಹಂಚಲು ಪ್ರಿಂಟ್ ತೆಗೆಯೋದೂ ನನ್ನ ಪಾಲಿಗೇ ಬಂತು. ಹಾಳೆಗೆ ಆರು ಹಾಕು ಅಂದರು. ಆರಾರರಂತೆ ನಾಲ್ಕು ಹಾಳೆಗೆ ಇಪ್ಪತ್ತನಾಲ್ಕು ಮುಗಿದು, ಐದನೆಯ ಹಾಳೆಯ ಮೇಲ್ಮೂಲೆಯಲ್ಲಿ ನನ್ನ ಹೆಸರಿನ ಸ್ಲೈಡ್ ಒಂದೇ ಉಳಿಯಿತು. ಮಿಕ್ಕಿದ್ದೆಲ್ಲ ಖಾಲಿ. ಸರ್ ಆ ಹಾಳೆಯನ್ನು ಎತ್ತಿ ಹಿಡಿದು ನೋಡಿದರು.

"ಒಂದು ಹೆಸರಿಗೋಸ್ಕರ ಒಂದೊಂದು ಹಾಳೆ ದಂಡ ಯಾಕಮ್ಮ? ನಿನ್ನ ಕೆಲಸ ಏನು ಅಂತ ನನಗೆ ಗೊತ್ತಿಲ್ವಾ?"

ಹಾಗಾದರೆ ಒಂಬತ್ತೊಂಬತ್ತು ಹಾಕೋಣ ಸರ್, ಮೂರೇ ಹಾಳೆಗೆ ಎಲ್ಲಾ ಮುಗಿಯುತ್ತೆ, ಇನ್ನೂ ಉಳಿತಾಯ ಅಂದೆ. ಅಷ್ಟು ಸಣ್ಣಕ್ಕೆ ಹಾಕಿದರೆ ಓದುವವರ ಕಣ್ಣು ಹೋಗುತ್ತೆ ಅಂದರು. ಅಲ್ಲಿಯವರೆಗೆ ಯಾರ ಕಣ್ಣಿನ ಚಿಂತೆಯೂ ಅವರಿಗೆ ಇರಲಿಲ್ಲ. ಕಳ್ಳನಿಗೊಂದು ಪಿಳ್ಳೆ ನೆವ ಅಂತ ಮನಸ್ಸಿನಲ್ಲೇ ಅಂದುಕೊಂಡು, ನಾಲ್ಕು ನಾಲ್ಕು ಹಾಳೆ ಜೋಡಿಸಿ ಪಿನ್ ಹೊಡೆದೆ. ಗಂಟೆ ಲೆಕ್ಕದವರು ಜಗಳ ಆಡಿದರೆ ಮುಂದಿನ ವರ್ಷ ಗಂಟೆಯೂ ಸಿಗುತ್ತಿರಲಿಲ್ಲ.

ಕಾರ್ಯಾಗಾರದಲ್ಲಿ ಸರ್ ಸೊಗಸಾಗಿ ಮಾತಾಡಿದರು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ನಾನು ಹೋದ ಕೆರೆಗಳಿಗೆಲ್ಲ ತಾವೇ ನಡೆದು ಹೋದ ಹಾಗೆ ವರ್ಣಿಸಿದರು. ಪರದೆಯ ಮೇಲೆ ಕೊನೆಯ ಸ್ಲೈಡ್ ಬರುವ ಮೊದಲೇ ಊಟಕ್ಕೆ ಕರೆದರು. ಶ್ರೀನಿವಾಸಪುರದವರು, ಮಾಲೂರಿನವರು ಎಲ್ಲ ಆ ನಾಲ್ಕು ಹಾಳೆಗಳನ್ನು ಜೋಪಾನವಾಗಿ ಮಡಿಸಿಕೊಂಡು ಹೋದರು.

ಮಾರನೇ ವರ್ಷ ಮಾಲೂರಿನ ಒಂದು ಕಾಲೇಜಿನಲ್ಲಿ ಕಾಯಂ ಹುದ್ದೆಗೆ ಕರೆದಿದ್ದಾರೆ ಅಂತ ತಿಳಿಯಿತು. ಅರ್ಜಿ ಹಾಕಿದೆ. ಸ್ವಂತವಾಗಿ ತಯಾರಿಸಿದ ಪಾಠ ಏನಾದರೂ ಇದ್ದರೆ ತನ್ನಿ ಅಂದಿದ್ದರು. ಕೆರೆಗಳ ಸ್ಲೈಡನ್ನೇ ಪ್ರಿಂಟ್ ತೆಗೆದೆ. ಕೈಗೆ ಅದೇ ಅಭ್ಯಾಸ ಆಗಿಹೋಗಿತ್ತು, ಆರಾರರಂತೆಯೇ ಹಾಕಿದೆ. ಆದರೆ ಈ ಸಲ ಐದೂ ಹಾಳೆ. ಮೊದಲನೆಯದರಲ್ಲಿ ಬರೀ ವಿಷಯ, ಕೊನೆಯದರಲ್ಲಿ ನನ್ನ ಹೆಸರು, ನಾನು ಮೊದಲು ಮಾಡಿಟ್ಟ ಹಾಗೇ.

ಸಂದರ್ಶನಕ್ಕೆ ಕೂತವರಲ್ಲಿ ಹಿರಿಯರು ನನ್ನ ಹಾಳೆಗಳನ್ನು ತಿರುವಿದರು, ಎದ್ದು ಹೋಗಿ ಬೀರುವಿನಿಂದ ಇನ್ನೊಂದು ಕಟ್ಟು ತಂದರು. ನಾನೇ ಪಿನ್ ಹೊಡೆದದ್ದು. ಎರಡನ್ನೂ ಅಕ್ಕಪಕ್ಕ ಇಟ್ಟು, ಬೇಸರದ ದನಿಯಲ್ಲೇ ಹೇಳಿದರು.

"ನಿಮ್ಮ ಸರ್ ಎಷ್ಟು ಕಷ್ಟಪಟ್ಟು ಮಾಡಿದ್ದಮ್ಮ ಇದು. ಮುಂದಿದ್ದ ಅವರ ಹೆಸರು ತೆಗೆದುಬಿಟ್ಟು, ಹಿಂದೆ ನಿಮ್ಮ ಹೆಸರಿಗೆ ಅಂತಲೇ ಒಂದು ಹಾಳೆ ಸೇರಿಸಿದ್ದೀರಲ್ಲ."

ನಾನೇ ಮಾಡಿದ್ದು, ಫೋಟೊಗಳೂ ನನ್ನವೇ ಅಂದೆ. ಫೋಟೊಗಳ ಸಿ.ಡಿ. ಬ್ಯಾಗಿನಲ್ಲೇ ಇತ್ತು, ಕಂಪ್ಯೂಟರಿನಲ್ಲಿ ತೋರಿಸೋಣ ಅಂದರೆ ಕರೆಂಟ್ ಇರಲಿಲ್ಲ. ಕಡೆಗೆ ಮೂರನೆಯ ಹಾಳೆ ತೆಗೆದು ತೂಬಿನ ಚಿತ್ರದ ಮೇಲೆ ಬೆರಳಿಟ್ಟೆ. ಇಲ್ಲಿ ನಿಂತಿರೋದು ನಮ್ಮಮ್ಮ ಸರ್, ಬೇಕಾದರೆ ನಾಳೆಯೇ ಕರಕೊಂಡು ಬರ್ತೀನಿ ಅಂದೆ.

ಅವರು ಕನ್ನಡಕ ಮೇಲೇರಿಸಿ ಹಾಳೆಯನ್ನು ಕಣ್ಣಿನ ಹತ್ತಿರ ತಂದರು. ಕೆಟ್ಟ ಮನುಷ್ಯರಲ್ಲ, ನಿಜಕ್ಕೂ ಹುಡುಕಿದರು. ಬೆಂಕಿಪೊಟ್ಟಣದಷ್ಟು ಚಿತ್ರದಲ್ಲಿ ಅಮ್ಮ ಒಂದು ಕಪ್ಪು ಗೀಟು.

"ಎಲ್ಲಿದ್ದಾರಮ್ಮ ಹೆಂಗಸು? ಇವೆರಡೂ ಕಲ್ಲುಕಂಬ ಅಲ್ವಾ?"

ಹಾಳೆಗಳನ್ನು ನನ್ನ ಕೈಗೆ ವಾಪಸ್ಸು ಕೊಟ್ಟರು. ಆಮೇಲೆ ಯಾರೂ ಭೂಗೋಳದ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಮನೆ ಸೇರುವ ಹೊತ್ತಿಗೆ ದೀಪ ಹಚ್ಚಿಯಾಗಿತ್ತು. ಅಮ್ಮ ಸೊಪ್ಪು ಸೋಸುತ್ತಾ ಕೂತಿದ್ದಳು. ನೀನಿರೋ ಫೋಟೊ ಹಾಳೆಯನ್ನು ಸಂದರ್ಶನದವರ ಕೈಗೆ ಕೊಡ್ತೀನಿ ಅಂತ ಬೆಳಿಗ್ಗೆ ನಾನೇ ಜಂಬದಿಂದ ಹೇಳಿ ಹೊರಟಿದ್ದೆ. ನಮ್ಮ ಮನೆಮಾತು ತೆಲುಗು. ನಾನು ಚಪ್ಪಲಿ ಬಿಡುವುದಕ್ಕೂ ಪುರುಸೊತ್ತು ಕೊಡದೆ, "ನೇನು ಕನಪಡ್ಡಾನಾ?" ಅಂದಳು. ನಾನು ಕಂಡೆನಾ ಅಂತ.

ಕಂಡೆಯಮ್ಮ, ಎಲ್ಲರಿಗೂ ಚೆನ್ನಾಗಿ ಕಂಡೆ ಅಂದೆ.

ಹಾಗಾದರೆ ಕೆಲಸ ಆದ ಹಾಗೇ ಬಿಡು ಅಂದು, ಅಮ್ಮ ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋದಳು.