ಮೆಟ್ಟಿಲ ಮೂಲೆಯ ದೇವರು

ಆ ಬೆಳಿಗ್ಗೆ ನಾನು ಏನು ಅಂದೆ ಎಂಬುದನ್ನು ಇಂದಿಗೂ ಖಚಿತವಾಗಿ ಹೇಳಲಾರೆ. ಅದು ಇಸವಿ ಐವತ್ತನಾಲ್ಕೋ ಐವತ್ತೈದೋ ಇರಬೇಕು. ಎಂ.ಎ. ಮುಗಿಸಿ ಒಂದು ಶಾಲೆಯಲ್ಲಿ ಹಂಗಾಮಿ ಮಾಸ್ತರನಾಗಿದ್ದೆ. ಮಾಟುಂಗ ಸ್ಟೇಷನ್ನಿಗೆ ಹತ್ತಿರದ ಸಾಲುಕೋಣೆಗಳ ಒಂದು ಚಾಳಿನ ಮಾಳಿಗೆಯಲ್ಲಿ ಕೋಣೆ. ಚಾಳಿನಲ್ಲಿ ಅರ್ಧ ಧಾರವಾಡ ಕಡೆಯವರು, ಅರ್ಧ ಉಡುಪಿ ಕಡೆಯವರು. ಮೆಟ್ಟಿಲು ತಿರುಗುವ ಮೂಲೆಗೆ ಎಲೆಅಡಿಕೆ ಉಗುಳುವ ವಿಷಯದಲ್ಲಿ ಮಾತ್ರ ಎರಡೂ ಕಡೆಯವರು ಒಂದೇ. ಎಷ್ಟು ಸಲ ಸುಣ್ಣ ಬಳಿದರೂ ಮೂಲೆ ಮತ್ತೆ ಕೆಂಪಾಗುತ್ತಿತ್ತು. ಕೊನೆಗೆ, ಕೆಳಗಿನ ಸಭಾಂಗಣದಲ್ಲಿ ಶನಿವಾರ ಪ್ರವಚನ ನಡೆಸುತ್ತಿದ್ದ ಧರ್ಮಪ್ರಚಾರದ ಮಂದಿ ಹಳೆಯ ಕ್ಯಾಲೆಂಡರಿನಿಂದ ದೇವರ ಚಿತ್ರ ಕತ್ತರಿಸಿ ತಂದು ಮೈದಾ ಅಂಟು ಹಚ್ಚಿ ಆ ಮೂಲೆಗೆ ಅಂಟಿಸಿದರು. ದೇವರ ಮೇಲೆ ಯಾರು ಉಗುಳುತ್ತಾರೆ ಎಂಬ ಲೆಕ್ಕಾಚಾರ.

ಮರುದಿನ ಬೆಳಿಗ್ಗೆ ದೇವರ ಪಾದದ ಮೇಲೆ ಕೆಂಪು ಕಲೆ. ಮೆಟ್ಟಿಲ ತುಂಬ ಜನ. ಶಾಲೆಗೆ ಹೊರಟಿದ್ದ ನಾನು ದಾರಿ ಸಿಗದೆ ನಿಂತು ಏನೋ ಅಂದೆ. ನನ್ನ ನೆನಪಿನ ಪ್ರಕಾರ ಅಂದದ್ದು ಇಷ್ಟು: "ದೇವರನ್ನು ಇಲ್ಲಿ ತಂದು ಕೂರಿಸಿದ್ದೇ ತಪ್ಪು." ಸಂಜೆ ಬರುವಷ್ಟರಲ್ಲಿ ಅದು, "ಇಂಥ ದೇವರ ಮೇಲೆ ಉಗುಳಿದರೆ ತಪ್ಪೇನು?" ಎಂದಾಗಿತ್ತು. ಉಗುಳಿದವನು ಯಾರೆಂದು ಆಮೇಲೆ ಯಾರೂ ಕೇಳಲಿಲ್ಲ.

ಮರುದಿನ ನಲ್ಲಿಯ ಹತ್ತಿರ ಜನ ಸರಿದು ನನಗೆ ಮೊದಲು ನೀರು ಹಿಡಿಯಲು ಬಿಟ್ಟರು. ಮರ್ಯಾದೆಯೆಂದುಕೊಂಡು ಕೊಡ ಇಟ್ಟೆ. ಆಮೇಲೆ ನೋಡಿದರೆ ಯಾರೂ ನನ್ನ ಪಕ್ಕದಲ್ಲಿ ನಿಂತಿರಲಿಲ್ಲ. ಕೋಣೆಗೆ ಬಂದು ಚಿಲಕ ಹಾಕಿದೆ. ಹಗಲು ಚಿಲಕ ಹಾಕುವ ಅಭ್ಯಾಸ ಆ ಚಾಳಿನಲ್ಲಿ ಯಾರಿಗೂ ಇರಲಿಲ್ಲ.

ಪೊಲೀಸರಿಗೆ ದೂರು ಕೊಡುತ್ತಾರೆ ಎಂಬ ಸುದ್ದಿ ಹಬ್ಬಿತು. ನಾನು ಗ್ರಂಥಾಲಯಕ್ಕೆ ಹೋಗಿ ದಂಡಸಂಹಿತೆ ತೆಗೆದು ನೋಡಿದೆ. ಧರ್ಮವನ್ನು ಅವಮಾನಿಸಿದ ಮಾತು ಬೇಕೆಂದೇ, ಕೆಟ್ಟ ಉದ್ದೇಶದಿಂದ ಆಡಿದ್ದಾಗಿರಬೇಕು ಎಂದಿತ್ತು. ಧೈರ್ಯ ಬರಬೇಕಿತ್ತು, ಬರಲಿಲ್ಲ. ಮಾತೇ ಸರಿಯಾಗಿ ನೆನಪಿಲ್ಲದವನು ಉದ್ದೇಶವನ್ನು ಹೇಗೆ ನೆನಪಿಸಿಕೊಳ್ಳಲಿ? ಶನಿವಾರದ ಧ್ವನಿವರ್ಧಕದ ಮೇಲೆ ನನಗೆ ಸಿಟ್ಟಿದ್ದದ್ದು ನಿಜ. ಆ ಬೆಳಿಗ್ಗೆ ನಕ್ಕಿರಲೂಬಹುದು. ಕೇಸಾದರೆ ಹಂಗಾಮಿ ಕೆಲಸ ಅಂದೇ ಹೋಗುತ್ತಿತ್ತು, ಕೋಣೆಯೂ ಹೋಗುತ್ತಿತ್ತು. ಜೈಲನ್ನು ಕುರಿತು ಯೋಚಿಸದಿರಲು ಪ್ರಯತ್ನಿಸಿದೆ.

ಶನಿವಾರ ಪ್ರವಚನದ ವಿಷಯ ನೆರೆಯವರ ಪ್ರೀತಿ. ನೆರೆಯವನಲ್ಲಿ ದೇವರನ್ನು ಕಾಣದವನು ಗುಡಿಯಲ್ಲಿಯೂ ಕಾಣಲಾರ ಎಂಬ ಮಾತು ನನ್ನ ಕಿಟಕಿಯವರೆಗೆ ಸ್ಪಷ್ಟವಾಗಿ ಕೇಳಿಸಿತು. ಮಂಗಳಾರತಿಯ ಗಂಟೆ ನಿಂತ ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಚಪ್ಪಲಿಗಳ ಸದ್ದಾಯಿತು. ಬಾಗಿಲು ತೆರೆದೆ. ಮುಂದೆ ಪ್ರವಚನ ಮಾಡಿದ ಯಜಮಾನರು. ಧಾರವಾಡದವರು, ಕಚೇರಿಯಿಂದ ನಿವೃತ್ತರಾಗಿದ್ದರು. ಹಿಂದೆ ಐದಾರು ಜನ.

"ಮಾಸ್ತರ, ನಿಮ್ಮ ಮ್ಯಾಲೆ ನಮಗ ಸಿಟ್ಟಿಲ್ಲ," ಎಂದರು ಯಜಮಾನರು. "ನೀವು ನಮ್ಮ ನೆರಿಯವ್ರು. ಪ್ರೀತಿ ಅದ ಅಂತನ ಪೊಲೀಸ ಠಾಣಾಕ್ಕ ಹೋಗೂದರ ಬದಲಿ ನಿಮ್ಮ ಮನಿಗೆ ಬಂದೇವಿ. ಆ ಮಾತು ಅಂದದ್ದು ಹೌದೋ ಅಲ್ಲೋ?"

"ಹಾಗೆ ಅಂದ ನೆನಪಿಲ್ಲ."

ಹಿಂದಿದ್ದವರಲ್ಲಿ ಒಬ್ಬ ನಕ್ಕ. "ಎಂ.ಎ. ತನಕ ಪುಸ್ತಕ ಬಾಯಿಪಾಠ ಮಾಡ್ಯಾರ. ಮೊನ್ನಿ ತಾವ ಆಡಿದ್ದು ನೆನಪಿಲ್ಲಂತ."

ಯಜಮಾನರು ಪಕ್ಕದ ಕೋಣೆಯ ಅಮ್ಮನನ್ನು ಕರೆದರು. ಆಕೆ ಉಡುಪಿ ಕಡೆಯವರು, ಗಂಡ ಹೋಟೆಲಿನಲ್ಲಿ ಅಡುಗೆಯವರು. ನನಗೆ ಜ್ವರ ಬಂದಾಗ ಗಂಜಿ ಕೊಟ್ಟವರು. ಸುಳ್ಳು ಹೇಳುವ ಹೆಂಗಸಲ್ಲ, ನನಗೆ ಹೆದರಿಕೆಯಾದದ್ದು ಅದಕ್ಕೇ.

"ಹೇಳಿದ್ದು ಹೌದು ಮಾರಾಯ್ರೇ," ಎಂದರು, ನನ್ನ ಮುಖ ನೋಡದೆ. "ಉಗುಳಿದರೆ ತಪ್ಪೇನು ಅಂತಲೇ ಹೇಳಿದ್ದು. ನನಗೆ ಕೇಳಿದ್ದನ್ನು ನಾನು ಇಲ್ಲ ಅಂತ ಹೇಳುವುದು ಹೇಗೆ?"

ಆ ಕ್ಷಣದಲ್ಲಿ ನನಗೂ ಹಾಗೆಯೇ ಅಂದಂತೆ ಅನ್ನಿಸಿತು.

ಯಜಮಾನರು ತೀರ್ಪು ಕೊಟ್ಟರು. ಮುಂದಿನ ಶನಿವಾರ ಎಲ್ಲರೆದುರು ಮೈಕಿನಲ್ಲಿ ಆಡಿದ ಮಾತನ್ನು ಇದ್ದಂತೆ ಹೇಳಿ, ಕ್ಷಮೆ ಕೇಳಬೇಕು. ಕೇಳಿದರೆ ದೂರಿಲ್ಲ. ಅವರು ಹೋದ ಮೇಲೆ ನನಗೆ ಹೊಳೆಯಿತು, ಇಷ್ಟು ದಿನ ಅದನ್ನು ಸ್ವತಃ ಕೇಳಿದೆ ಎಂದು ಮುಂದೆ ಬಂದವರು ಆ ಅಮ್ಮ ಒಬ್ಬರೇ. ಮೈಕಿನಲ್ಲಿ ನಾನೇ ಹೇಳಿದರೆ ಸಭಾಂಗಣದಲ್ಲಿ ಕೂತವರೆಲ್ಲ ಸಾಕ್ಷಿಗಳು. ಯಜಮಾನರು ಅದನ್ನು ಯೋಚಿಸಿಯೇ ಹೇಳಿದ್ದರೋ ಇಲ್ಲವೋ ಗೊತ್ತಿಲ್ಲ. ವಾರವಿಡೀ ಊಟ ಸೇರಲಿಲ್ಲ. ತರಗತಿಯಲ್ಲಿ ಪಾಠ ಮಾಡುತ್ತ ಪ್ರತಿ ವಾಕ್ಯದ ನಂತರ ತಡೆದು ನಿಲ್ಲುತ್ತಿದ್ದೆ, ಈಗ ಏನು ಅಂದೆ ಎಂದು.

ಶನಿವಾರ ಸಭಾಂಗಣ ತುಂಬಿತ್ತು. ಮೈಕಿನ ಎದುರು ನಿಂತೆ. "ನನ್ನ ಮಾತಿನಿಂದ ನೋವಾಗಿದ್ದರೆ ಕ್ಷಮಿಸಬೇಕು," ಎಂದೆ.

"ಯಾವ ಮಾತು? ಅದನ್ನ ಹೇಳ್ರಿ," ಎಂದರು ಯಜಮಾನರು.

ಬಾಯಿ ತೆರೆದೆ. ಬೇರೆ ದಾರಿ ಇರಲಿಲ್ಲ, ಹೇಳಿಯೇಬಿಡುತ್ತಿದ್ದೆ. ಹೆಂಗಸರ ಸಾಲಿನಿಂದ ಪಕ್ಕದ ಕೋಣೆಯ ಅಮ್ಮ ಎದ್ದು ನಿಂತರು.

"ಅದೆಂಥದ್ದು ಯಜಮಾನ್ರೇ? ಆ ಹೊಲಸನ್ನು ನಾನು ಒಮ್ಮೆ ಕೇಳಿದ್ದು ಸಾಕಾಗಲಿಲ್ಲವಾ? ದೇವರ ದೀಪದ ಎದುರು, ಮಕ್ಕಳ ಎದುರು, ಅದನ್ನು ಪುನಃ ಹೇಳಿಸುವುದಾ? ಹೇಳಿಸಿದವರಿಗೆ ಪಾಪ ಇಲ್ಲವಾ?"

ಹೆಂಗಸರು ಹೌದು ಹೌದು ಎಂದರು. ಯಜಮಾನರು, "ಆತು, ಬಿಡ್ರಿ," ಎಂದರು.

ಆಕೆ ನನ್ನನ್ನು ಉಳಿಸಲು ಎದ್ದರೆಂದು ನಾನು ಎಷ್ಟೋ ವರ್ಷ ಹೇಳಿಕೊಂಡು ಬಂದೆ. ಈಗ ಹಾಗನ್ನಿಸುವುದಿಲ್ಲ. ಆಕೆಗೆ ನಿಜವಾಗಿಯೂ ಅಸಹ್ಯವಾಗಿತ್ತು. ಮತ್ತೆಂದೂ ಅವರು ನನ್ನೊಡನೆ ಮಾತಾಡಲಿಲ್ಲ.

ವೇದಿಕೆಯಿಂದ ಕೆಳಗಿಳಿದಾಗ ಯಜಮಾನರು ನನ್ನ ಹೆಗಲ ಮೇಲೆ ಕೈಯಿಟ್ಟರು. ಬೆಚ್ಚಗಿನ, ಭಾರವಾದ ಕೈ. "ಇನ್ನ ನೀವು ನಮ್ಮವರು. ಮುಂದಿನ ವಾರನೂ ಬರ್ರಿ, ಮಾಸ್ತರ. ನಾವು ದಾರಿ ನೋಡ್ತೇವಿ."

ದೂರದ ಭಾಂಡುಪ್‌ನಲ್ಲಿ ಬೇರೆ ಕೋಣೆ ಸಿಗುವವರೆಗೆ ಒಂದು ಶನಿವಾರವನ್ನೂ ತಪ್ಪಿಸಲಿಲ್ಲ. ಅವರ ಕಣ್ಣಿಗೆ ಬೀಳುವಂತೆ ಮುಂದಿನ ಸಾಲಿನಲ್ಲೇ ಕುಳಿತೆ. ಕೈಮುಗಿಯುವ ಹೊತ್ತಿಗೆ ಎಲ್ಲರಿಗಿಂತ ಮೊದಲು ಮುಗಿದೆ, ಎಲ್ಲರಿಗಿಂತ ಕೊನೆಗೆ ಬಿಟ್ಟೆ.